ಬ್ಲಫ್‌ನಿಂದ ತಾರಸಿಗೆ: ಕರೆಂಟ್ ವಾಪಸ್ ಹರಿದರೆ ಹೊಣೆ ಯಾರದು?

ಈ ಸಲದ ಕತೆ ಶುರುವಾಗೋದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ತಾರಸಿ ಮೇಲೆ. ನಮ್ಮ ಸೋದರಮಾವನ ಮನೆ ಅದು. ಎರಡು ಮಹಡಿ, ತುಂಬಿದ ಸಂಸಾರ, ತಿಂಗಳ ಬಳಕೆ 200 ಯೂನಿಟ್ ದಾಟುತ್ತೆ. ಹಂಗಾಗಿ ಗೃಹಜ್ಯೋತಿ ಅವರಿಗೆ ಸಿಗಲ್ಲ. ಸೋಲಾರ್ ಹಾಕಿಸೋಣ ಅಂತ ತೀರ್ಮಾನ ಮಾಡಿ 3 ಕಿಲೋವ್ಯಾಟ್‌ನದು ಹಾಕಿಸಿದರು. ಬಂದ ಹುಡುಗರು ಎರಡೇ ದಿನದಲ್ಲಿ ಕೆಲಸ ಮುಗಿಸಿದರು. ಕಾಗದ ಪತ್ರದ ಬಗ್ಗೆ ಮಾವ ಕೇಳಿದ್ದಕ್ಕೆ, "ಅದೆಲ್ಲಾ ನಾವೇ ನೋಡ್ಕೋತೀವಿ ಸರ್, ನೀವು ಸೈನ್ ಹಾಕ್ಬುಡಿ ಸಾಕು" ಅಂದರಂತೆ. ಮಾವ ಹಾಕಿಬಿಟ್ಟರು.

ಒಂದು ತಿಂಗಳಾದ ಮೇಲೆ ಮಟಮಟ ಮಧ್ಯಾಹ್ನ ಅವರ ಫೋನ್ ಬಂತು. "ಲೋ ಮಗ, ಮೇಲೆ ಬಿಸಿಲು ಸುಡ್ತೈತೆ, ಕೆಳಗೆ ಫ್ಯಾನ್ ತಿರುಗ್ತಿಲ್ಲ. ಲೈನ್ ಕರೆಂಟ್ ಹೋದ್ರೆ ಸೋಲಾರೂ ಹೋಯ್ತದಂತೆ! ಇದಕ್ಕಾ ನಾನು ದುಡ್ಡು ಸುರಿದಿದ್ದು?" ಸಮಾಧಾನ ಮಾಡೋಣ ಅಂದ್ಕೊಳ್ಳೋಷ್ಟರಲ್ಲಿ ಇನ್ನೊಂದು ಮಾತು ಹೇಳಿದರು. ಪಕ್ಕದೂರಿನ ವೈರಿಂಗ್ ಹುಡುಗ ಒಬ್ಬ, ಸಣ್ಣದೊಂದು ಬೈಪಾಸ್ ಮಾಡಿಕೊಡ್ತೀನಿ, ಲೈನ್ ಇಲ್ದಿದ್ರೂ ಉರಿಯುತ್ತೆ ಅಂದಿದ್ದಾನೆ. ನಾಳೆ ಬರ್ತಾನಂತೆ.

ನಾನು ಬಿಕಾಂ. ವೈರಿಂಗ್ ಬಗ್ಗೆ ನನಗೆ ಗೊತ್ತಿರೋದು ಬಲ್ಬ್ ಬದಲಾಯಿಸೋವಷ್ಟು ಮಾತ್ರ. ಆದ್ರೆ ಒಪ್ಪಂದ ಓದೋದು ನಮಗೆ ಕಲಿಸಿದ ವಿದ್ಯೆ. "ಮಾವ, ಅವನನ್ನ ನಾಳೆ ಕರೀಬೇಡಿ. ನೀವು ಸೈನ್ ಹಾಕಿರೋ ಕಾಗದಗಳ ಫೋಟೋ ಕಳಿಸಿ" ಅಂದೆ. ಆ ಕಾಗದ ಹಿಡಿದು ಹಿಂದಕ್ಕೆ ಹೋಗ್ತಾ ಹೋಗ್ತಾ ನಾನು ಮುಟ್ಟಿದ್ದು 1902ನೇ ಇಸವಿಯನ್ನ. ಅದೂ ಎಲ್ಲೋ ದೂರದಲ್ಲಲ್ಲ, ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲಿ.

ಶಿವನಸಮುದ್ರ ನಮಗೆಲ್ಲ ಗೊತ್ತು. ಗಗನಚುಕ್ಕಿ, ಭರಚುಕ್ಕಿ, ಭಾನುವಾರದ ಬೈಕ್ ಟ್ರಿಪ್. ಅಲ್ಲೇ ಬ್ಲಫ್ ಅಂತ ಒಂದು ಜಾಗ ಇದೆ. 1902ರ ಜೂನ್ 30ರಂದು ಅಲ್ಲಿನ ಪವರ್ ಹೌಸ್‌ನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ದೂರ 92 ಮೈಲಿ, ಅಂದ್ರೆ ಸುಮಾರು 148 ಕಿಲೋಮೀಟರ್. ವೋಲ್ಟೇಜ್ 35,000ದ ಆಸುಪಾಸು. ಏಷ್ಯಾದಲ್ಲಿ ಅಷ್ಟು ದೂರ ಕರೆಂಟ್ ಸಾಗಿಸಿದ ಲೈನ್ ಆಗ ಇನ್ನೊಂದಿರಲಿಲ್ಲ. ಯೋಜನೆ ರೂಪಿಸಿದ್ದು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್, ಕೆನಡಾದಲ್ಲಿ ಹುಟ್ಟಿದವರು. ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಗಳಿಂದ. ಇದಕ್ಕೆ ಬೆನ್ನೆಲುಬಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಕರೆಂಟ್ ಹರಿದದ್ದನ್ನ ನೋಡಲಿಲ್ಲ.

ಆ ಲೈನ್ ಹಾದುಹೋದ ದಾರಿಯ ಹಳ್ಳಿಗಳಿಗೆ ಒಂದು ಬಲ್ಬೂ ಸಿಗಲಿಲ್ಲ. ತಲೆ ಮೇಲೆ ಕರೆಂಟ್, ಮನೆಯೊಳಗೆ ಸೀಮೆಎಣ್ಣೆ ಬುಡ್ಡಿ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಕರೆಂಟ್ ಹುಟ್ಟಿದ ತಾಲ್ಲೂಕಿನ ಜನ ಕಾಯ್ತಾ ಕೂತರು. ಮಂಡ್ಯದವರಿಗೆ ಈ ಕತೆ ಹೊಸದೇನಲ್ಲ ಬಿಡಿ, ನೀರಿನ ವಿಷಯದಲ್ಲೂ ಇದನ್ನೇ ನೋಡ್ತಾ ಬಂದಿದ್ದೀವಿ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆ ವ್ಯವಸ್ಥೆಯಲ್ಲಿ ಕರೆಂಟಿಗೆ ಒಂದೇ ದಿಕ್ಕು. ಹುಟ್ಟೋದು ಬ್ಲಫ್‌ನಲ್ಲಿ, ಮುಗಿಯೋದು ಗಣಿಯಲ್ಲಿ. ಹಂಗಾಗಿ ಹೊಣೆಗೂ ಒಂದೇ ದಿಕ್ಕು. ಕರೆಂಟ್ ಕೊಡೋನು ಮೈಸೂರು ಸರ್ಕಾರ, ತಗೊಳ್ಳೋನು ಗಣಿ ಕಂಪನಿ. ಬೇಸಿಗೆಯಲ್ಲಿ ಕಾವೇರಿ ಸೊರಗಿ ಬ್ಲಫ್‌ನಲ್ಲಿ ನೀರು ಕಮ್ಮಿಯಾದ್ರೆ ಗಣಿಗೆ ಕರೆಂಟ್ ಕಮ್ಮಿ. ಮಾತು ಕೊಟ್ಟವನು ಸರ್ಕಾರ ತಾನೆ? 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದಾಗ ಅದರ ಒಂದು ದೊಡ್ಡ ಕಾರಣವೇ ಇದು: ವರ್ಷಪೂರ್ತಿ ಶಿವನಸಮುದ್ರಕ್ಕೆ ಒಂದೇ ಸಮ ನೀರು ಬಿಡೋದು. ವಿಶ್ವೇಶ್ವರಯ್ಯನವರ ಅಣೆಕಟ್ಟು ಅಂದ್ರೆ ನಮಗೆ ಗದ್ದೆ, ಕಬ್ಬು, ನಾಲೆ ನೆನಪಾಗುತ್ತೆ. ಅದರ ಬುಡದಲ್ಲಿ ಕರೆಂಟ್ ಸಪ್ಲೈ ಮಾಡುವವನ ಒಂದು ಹಳೇ ಹೊಣೆಗಾರಿಕೆಯೂ ಇದೆ. 1940ರಲ್ಲಿ ಅದೇ ಮಳವಳ್ಳಿ ತಾಲ್ಲೂಕಿನ ಶಿಂಷಾಪುರದಲ್ಲಿ ಇನ್ನೊಂದು ಪವರ್ ಸ್ಟೇಷನ್ ಶುರುವಾಯ್ತು. ದಿಕ್ಕು ಮಾತ್ರ ಅದೇ, ಸ್ಟೇಷನ್‌ನಿಂದ ಹೊರಕ್ಕೆ.

ಈಗ ಕಾನೂನಿಗೆ ಬರೋಣ. ಬೋರ್ ಹೊಡೆಯುತ್ತೆ ಅಂತ ಫಾರ್ವರ್ಡ್ ಮಾಡಬೇಡಿ, ಇಲ್ಲೊಂದು ಮಜಾ ಇದೆ. ಬ್ರಿಟಿಷ್ ಇಂಡಿಯಾದ ಮೊದಲ ವಿದ್ಯುತ್ ಕಾಯ್ದೆ 1887ರದು. ಅದರಲ್ಲಿ ರೇಟು, ಲೈಸೆನ್ಸು ಇವೆಲ್ಲ ಮುಖ್ಯ ಅಲ್ಲ. ಕರೆಂಟಿನಿಂದ ಮನುಷ್ಯರಿಗೆ, ಆಸ್ತಿಗೆ ಆಗೋ ಅಪಾಯ ತಪ್ಪಿಸೋದೇ ಅದರ ಉದ್ದೇಶ. ವ್ಯಾಪಾರದ ಮಾತು ಬಂದದ್ದು ಆಮೇಲೆ, 1903ರ ಕಾಯ್ದೆಯಲ್ಲಿ, ಅದರ ಜಾಗಕ್ಕೆ ಬಂದ 1910ರ ಕಾಯ್ದೆಯಲ್ಲಿ. ಮೈಸೂರು ದೇಸಿ ಸಂಸ್ಥಾನ, ಅಲ್ಲಿಯ ಕಾನೂನು ಇಲ್ಲಿಗೆ ನೇರವಾಗಿ ಬರ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮಾತ್ರ ಆ 1910ರ ಕಾಯ್ದೆ ದೇಶದ ಬಹುಪಾಲನ್ನ 2003ರ ತನಕ ಆಳಿತು. ಅದರ ಪ್ರಕಾರ ಲೈಸೆನ್ಸ್ ಇಲ್ಲದವನು ಸರ್ಕಾರದ ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕರೆಂಟ್ ಸಪ್ಲೈ ಮಾಡೋ ವ್ಯವಹಾರ ನಡೆಸೋಹಾಗಿಲ್ಲ. ಮನೆ ತಾರಸಿಯಿಂದ ಲೈನಿಗೆ ಕರೆಂಟ್ ಬಿಡೋದು ಆ ಕಾಯ್ದೆ ಬರೆದವರ ಕನಸಿನಲ್ಲೂ ಇರಲಿಲ್ಲ.

ಅದರ ಕೆಳಗೆ 1956ರಲ್ಲಿ ನಿಯಮಗಳು ಬಂದವು. ನಮ್ಮ ರಾಜ್ಯದ ಎಲೆಕ್ಟ್ರಿಸಿಟಿ ಬೋರ್ಡ್ ಹುಟ್ಟಿದ್ದು 1957ರಲ್ಲಿ. ಈಗ ನಮ್ಮ ಕಡೆಗೆ ಸೆಸ್ಕ್ ಬಂದು ಎಷ್ಟೋ ವರ್ಷ ಆಗಿದ್ರೂ ನಮ್ಮಜ್ಜಿಗೆ ಅದು ಇವತ್ತಿಗೂ ಕೆಇಬಿನೇ. ಆ ನಿಯಮಗಳು ಒಂದು ಗೆರೆ ಎಳೆದವು. ಕಂಬದಿಂದ ಮನೆ ಮೀಟರ್‌ವರೆಗಿನ ಸರ್ವಿಸ್ ವೈರು, ಮೀಟರು, ಕಟೌಟು ಇವೆಲ್ಲ ಕರೆಂಟ್ ಕೊಡೋರ ಸ್ವತ್ತು, ಸುರಕ್ಷಿತವಾಗಿ ಇಟ್ಟುಕೊಳ್ಳೋ ಹೊಣೆ ಅವರದು. ನೀವು ಹಾಕಿಸಿದ ಸ್ವಿಚ್‌ಗೇರ್‌ಗೆ ವೈರ್ ಬಂದು ಸೇರೋ ಜಾಗ ಇದೆಯಲ್ಲ, ಅಲ್ಲಿಂದ ಒಳಗಿನದು ನಿಮ್ಮ ಹೊಣೆ. ಮನೆ ಗೋಡೆ ಮೇಲೆ ನಿಮ್ಮ ಆರ್‌ಆರ್ ನಂಬರ್ ಬರೆದಿರ್ತಾರಲ್ಲ, ಹೆಚ್ಚುಕಮ್ಮಿ ಅದರ ಪಕ್ಕದಲ್ಲೇ ಈ ಗೆರೆ.

45ನೇ ನಿಯಮ ನನಗೆ ಬಹಳ ಹಿಡಿಸ್ತು. ಬಲ್ಬು, ಫ್ಯೂಸು, ಫ್ಯಾನು, ಸ್ವಿಚ್ಚು ಇಂಥವನ್ನ ಬದಲಾಯಿಸೋದು ಬಿಟ್ಟು, ಮನೆಯ ವಿದ್ಯುತ್ ವ್ಯವಸ್ಥೆಯಲ್ಲಿ ಏನೇ ಹೊಸದಾಗಿ ಸೇರಿಸಬೇಕಾದ್ರೂ, ರಿಪೇರಿ ಮಾಡಬೇಕಾದ್ರೂ ಸರ್ಕಾರದ ಲೈಸೆನ್ಸ್ ಇರೋ ಕಂಟ್ರಾಕ್ಟರೇ ಮಾಡಬೇಕು. ಮೇಲೆ ನಿಂತು ನೋಡೋನಿಗೆ ಸರ್ಟಿಫಿಕೇಟ್ ಇರಬೇಕು, ಕೈ ಹಾಕೋನಿಗೆ ಪರ್ಮಿಟ್ ಇರಬೇಕು. ಅಂದ್ರೆ ನನ್ನ ಬಲ್ಬ್ ವಿದ್ಯೆ ಕಾನೂನುಬದ್ಧ! ಈ ಮಾತು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಿಗೂ ಬಂತು, 2023ರ ಹೊಸ ನಿಯಮಗಳಲ್ಲೂ ಮುಂದುವರಿದಿದೆ. ಸೋಲಾರ್ ಇನ್ವರ್ಟರ್ ತಂದು ಮನೆ ಬೋರ್ಡಿಗೆ ಸೇರಿಸೋದು ಬಲ್ಬ್ ಬದಲಾಯಿಸೋ ಲೆಕ್ಕಕ್ಕೆ ಬರಲ್ಲ. ಮಾವನ ತಾರಸಿ ಹತ್ತಿದ ಹುಡುಗರ ಹತ್ತಿರ ಪರ್ಮಿಟ್ ಇತ್ತಾ ಅಂತ ಯಾರೂ ಕೇಳಿರಲಿಲ್ಲ. ಬೈಪಾಸ್ ಹುಡುಗನ ಮಾತಂತೂ ಬಿಡಿ.

ಗೆರೆ ಅಳಿಸಿಹೋದ ಕತೆ ಇಲ್ಲಿಂದ. 2003ರ ವಿದ್ಯುತ್ ಕಾಯ್ದೆ ಕರೆಂಟ್ ಉತ್ಪಾದನೆಗೆ ಲೈಸೆನ್ಸ್ ಬೇಕು ಅನ್ನೋದನ್ನೇ ತೆಗೆದುಹಾಕಿತು. ಹತ್ತು ವರ್ಷದ ಮೇಲೆ, 2013ರ ಅಕ್ಟೋಬರ್‌ನಲ್ಲಿ, ನಮ್ಮ ಕೆಇಆರ್‌ಸಿ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ರೇಟು ಕಟ್ಟಿತು, ಸಬ್ಸಿಡಿ ತಗೊಂಡವರಿಗೆ 7 ರೂಪಾಯಿ 20 ಪೈಸೆ. ಬಿಕಾಂ ಓದಿದವನಾಗಿ ಹೇಳ್ತೀನಿ, ಆ ರೇಟು ಕೇಳಿದ್ರೆ ಯಾರಿಗಾದ್ರೂ ತಾರಸಿ ನೋಡಿ ಆಸೆ ಹುಟ್ಟಬೇಕು. 2016ರ ಮೇನಲ್ಲಿ ಅದು ಇಳೀತು. ಅದೇ ವರ್ಷ ತಾರಸಿ ಸೋಲಾರ್‌ಗಾಗಿಯೇ ಕೆಇಆರ್‌ಸಿಯ ಪ್ರತ್ಯೇಕ ನಿಯಮಾವಳಿ ಬಂತು. ಆ ಒಪ್ಪಂದಗಳ ಅವಧಿ 25 ವರ್ಷ, ಅದರಲ್ಲಿ ಮನೆ ಯಜಮಾನನ ಹೆಸರು 'ಸೆಲ್ಲರ್', ಮಾರುವವನು. ಇಷ್ಟು ವರ್ಷ ಗ್ರಾಹಕ ಆಗಿದ್ದವನು ಒಂದು ಸಹಿಗೆ ಎದುರು ಪಕ್ಷದವನಾದ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಬಂದ ಮೇಲೆ ಇದು ಹಳ್ಳಿಗಳಿಗೂ ಇಳೀತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000 ರೂಪಾಯಿಗೆ ಮಿತಿ. ಅದೇ ತಿಂಗಳು ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂತು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಮುಂಚಿತ ತಾಂತ್ರಿಕ ಪರಿಶೀಲನೆ ಬೇಡ, ಸ್ಯಾಂಕ್ಷನ್ ಲೋಡ್ ಹೆಚ್ಚು ಮಾಡಬೇಕಾದ್ರೆ ಕಂಪನಿಯೇ ಮಾಡಿಕೊಡಬೇಕು. ಒಳ್ಳೇದೇ. ಕಚೇರಿ ಅಲೆದಾಟ ತಪ್ಪಿತು. ಆದ್ರೆ ನನ್ನ ಅನುಮಾನ ಇಷ್ಟು: ಮೊದಲೇ ಬಂದು ನೋಡೋ ಕಣ್ಣು ಒಂದು ಕಮ್ಮಿಯಾದಾಗ ಆ ನೋಡೋ ಕೆಲಸ ಯಾರ ಹೆಗಲಿಗೆ ಬಿತ್ತು? ಹಾಕೋ ಕಂಪನಿಗೆ ಸ್ವಲ್ಪ, ಹಾಕಿಸೋರಿಗೆ ಬಹಳ. ಹಾಕಿಸೋರಿಗೆ ಅದನ್ನ ಯಾರೂ ಹೇಳಿಲ್ಲ.

ಲೈನ್ ಹೋದ್ರೆ ಸೋಲಾರ್ ಯಾಕೆ ನಿಲ್ಲಬೇಕು ಅನ್ನೋ ಮಾವನ ಪ್ರಶ್ನೆಗೆ ಉತ್ತರ ತಾರಸಿಯಲ್ಲಿಲ್ಲ. ಕಂಬದ ಮೇಲಿದೆ.

ನಿಮ್ಮೂರಲ್ಲಿ ವೈರ್ ಹರಿದು ಬಿದ್ದಿದೆ ಅಂದ್ಕೊಳ್ಳಿ. ಲೈನ್‌ಮನ್ ಬರ್ತಾರೆ. ಮೊದಲು ಎಲ್‌ಸಿ ತಗೊಳ್ತಾರೆ, ಲೈನ್ ಕ್ಲಿಯರ್. ಅಂದ್ರೆ ಸ್ಟೇಷನ್‌ನಿಂದ ಈ ಲೈನಿಗೆ ಕರೆಂಟ್ ಬರ್ತಿಲ್ಲ ಅನ್ನೋ ಖಾತ್ರಿ. ಟಿಸಿ ಹತ್ತಿರದ ಸ್ವಿಚ್ ಎಳೀತಾರೆ, ಕಂಬ ಹತ್ತುತ್ತಾರೆ. ಈ ಪದ್ಧತಿ ಪೂರ್ತಿ ನಿಂತಿರೋದು ಬ್ಲಫ್ ಕಾಲದ ಒಂದು ನಂಬಿಕೆ ಮೇಲೆ: ಕರೆಂಟ್ ಬರೋದು ಒಂದೇ ಕಡೆಯಿಂದ, ಆ ಕಡೆ ಆಫ್ ಮಾಡಿದ್ರೆ ಕೆಲಸ ಮುಗೀತು. ಈಗ ಕೆಳಗಿನ ಮನೆಯ ತಾರಸಿಯಿಂದ ಕರೆಂಟ್ ಲೈನಿಗೆ ನುಗ್ಗಿದ್ರೆ? 230 ವೋಲ್ಟ್ ಜೀವ ತೆಗೆಯೋಕೆ ಸಾಕು. ಅದಕ್ಕಿಂತ ಭಯದ ವಿಷಯ, ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತೆ. 11,000 ವೋಲ್ಟನ್ನ ಮನೆ ಕರೆಂಟ್ ಮಾಡೋ ಅದೇ ಪೆಟ್ಟಿಗೆ, ಹಿಂದಿನಿಂದ ಮನೆ ಕರೆಂಟ್ ನುಗ್ಗಿದ್ರೆ ಆ ಕಡೆ 11,000 ಮಾಡಬಲ್ಲದು. ಡೀಸೆಲ್ ಜನರೇಟರನ್ನ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆ ವೈರಿಂಗಿಗೆ ಸೇರಿಸೋರಿಂದ ಈ ಅಪಾಯ ಹಳೇ ಕಾಲದಿಂದಲೂ ಇದೆ. ಜನರೇಟರ್ ಆದ್ರೆ ಸದ್ದು ಮಾಡುತ್ತೆ, ಬೀದಿಗೆಲ್ಲ ಕೇಳುತ್ತೆ. ಸೋಲಾರ್ ಸದ್ದೇ ಮಾಡಲ್ಲ.

ಇದನ್ನ ತಡೆಯೋಕೆ ಪ್ರಾಧಿಕಾರ 2013ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ನಿಯಮ ತಂತು. ಲೈನ್ ಹೋಗಿ ಒಂದು ತುಂಡು ಮಾತ್ರ ಜೀವಂತ ಉಳಿದ್ರೆ 2 ಸೆಕೆಂಡ್ ಒಳಗೆ ಸೋಲಾರ್ ತಾನಾಗೇ ಲೈನಿಗೆ ಕರೆಂಟ್ ಬಿಡೋದು ನಿಲ್ಲಿಸಬೇಕು. ಯಂತ್ರದ ಮೇಲೆ ಮಾತ್ರ ಭಾರ ಹಾಕದೆ ಕೈಯಲ್ಲಿ ಎಳೆಯೋ ಒಂದು ಸ್ವಿಚ್ಚೂ ಇರಬೇಕು ಅಂತು. ಆ ಸ್ವಿಚ್ ಬಗ್ಗೆ ಬರೆದಿರೋದನ್ನ ಓದಿದಾಗ, ಬರೆದವರಿಗೆ ಕಂಬ ಹತ್ತೋರ ಕಷ್ಟ ಗೊತ್ತಿತ್ತು ಅನ್ನಿಸ್ತು. ಬೇರ್ಪಟ್ಟಿರೋದು ಕಣ್ಣಿಗೆ ಕಾಣಬೇಕು. ಆಫ್ ಸ್ಥಿತಿಯಲ್ಲಿ ಬೀಗ ಹಾಕುವಂತಿರಬೇಕು. ದಿನದ 24 ಗಂಟೆಯೂ ಕಂಪನಿ ಸಿಬ್ಬಂದಿಗೆ ಸಲೀಸಾಗಿ ಸಿಗಬೇಕು, ಮನೆಯವರ ಅಪ್ಪಣೆ ಕಾಯೋಹಾಗಿರಬಾರದು.

ಮಾವನ ಮನೆಯಲ್ಲಿ ಆ ಸ್ವಿಚ್ ಎಲ್ಲಿತ್ತು ಗೊತ್ತಾ? ಮಹಡಿ ಮೆಟ್ಟಿಲ ಕೋಣೆಯೊಳಗೆ, ಇನ್ವರ್ಟರ್ ಪಕ್ಕ. ಕೋಣೆಗೆ ಬೀಗ. ಬೀಗದ ಕೈ ಅತ್ತೆ ಸೊಂಟದಲ್ಲಿ.

ಇಷ್ಟೆಲ್ಲ ನಿಯಮ ಇದ್ದೂ ಅನಾಹುತ ಆದ್ರೆ ಯಾರು ಹೊಣೆ? ಹಳೇ ಲೆಕ್ಕದಲ್ಲಿ ಉತ್ತರ ಸುಲಭ. 2002ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಒಂದು ಕೇಸ್ ತೀರ್ಮಾನಿಸಿತು. 1997ರ ಮಳೆಗಾಲದ ಒಂದು ರಾತ್ರಿ ಫ್ಯಾಕ್ಟರಿ ಕೆಲಸ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಹೋಗ್ತಿದ್ದವರೊಬ್ಬರು ರಸ್ತೆ ನೀರಿನಲ್ಲಿ ಬಿದ್ದಿದ್ದ ವೈರ್ ತಗುಲಿ ತೀರಿಕೊಂಡಿದ್ದರು. ಯಾರೋ ಕರೆಂಟ್ ಕದಿಯೋಕೆ ಎಳೆದಿದ್ದ ವೈರ್ ಅದು, ನಮ್ಮ ತಪ್ಪೇನಿಲ್ಲ ಅಂತು ಮಂಡಳಿ. ಕೋರ್ಟ್ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನ ಸಪ್ಲೈ ಮಾಡೋ ಕೆಲಸಕ್ಕೆ ಇಳಿದವನು, ತನ್ನ ನಿರ್ಲಕ್ಷ್ಯ ಇರಲಿ ಬಿಡಲಿ, ಅದರಿಂದಾದ ಹಾನಿಗೆ ಹೊಣೆ ಅಂತು. 1868ರ ಒಂದು ಇಂಗ್ಲಿಷ್ ಕೇಸಿನಿಂದ ಬಂದ ತತ್ವ ಇದು. ಅಲ್ಲಿ ಒಬ್ಬನ ಕೆರೆ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ಅಪಾಯದ್ದನ್ನ ನಿನ್ನ ಜಾಗದಲ್ಲಿ ಕೂಡಿಟ್ಟೆ, ಹೊರಗೆ ಹೋಗಿ ಹಾಳು ಮಾಡಿದ್ರೆ ನೀನೇ ಹೊಣೆ, ಅಷ್ಟೇ.

ಆಗ ತಾರಸಿ ಮೇಲೆ ಕರೆಂಟ್ ಹುಟ್ಟಿಸಿ ಲೈನಿಗೆ ಬಿಡೋ ಮಾವ ಯಾರು? ಗ್ರಾಹಕನಾ, ಸಪ್ಲೈ ಮಾಡೋನಾ? ಒಪ್ಪಂದಗಳು ಇದಕ್ಕೆ ಆಗಲೇ ಉತ್ತರ ಬರೆದಿಟ್ಟಿವೆ. ದೇಶದ ಹಲವು ರಾಜ್ಯಗಳ ನೆಟ್ ಮೀಟರಿಂಗ್ ಒಪ್ಪಂದಗಳಲ್ಲಿ ಒಂದು ಷರತ್ತು ಇದೆ. ಲೈನ್ ಇಲ್ಲದಾಗ ಸೋಲಾರ್‌ನಿಂದ ಕರೆಂಟ್ ಹಿಂದಕ್ಕೆ ಹರಿದು ಮನುಷ್ಯರಿಗಾಗಲಿ ಜಾನುವಾರಿಗಾಗಲಿ ಅಪಘಾತ ಆದ್ರೆ, ಪ್ರಾಣ ಹೋಗಲಿ ಹೋಗದಿರಲಿ, ಇಲಾಖೆಯವರಾಗಲಿ ಹೊರಗಿನವರಾಗಲಿ, ಪೂರ್ತಿ ಹೊಣೆ ಮನೆಯವರದು. ಮಾವನ ಕಾಗದದಲ್ಲೂ ಆ ಅರ್ಥದ ಸಾಲು ಇತ್ತು, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕನ್ನಡದಲ್ಲಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಮ್ಮ ಲೈನ್‌ಮನ್ನು ನಂಜೊತೆ ಇಸ್ಕೂಲಲ್ಲಿ ಓದಿದವನು ಕಣಪ್ಪ" ಅಂದರು.

ಆ ಷರತ್ತು ನ್ಯಾಯವಾ? ನನ್ನ ಪ್ರಕಾರ ಅರ್ಧ ನ್ಯಾಯ. ಮನೆಯವರೇ ಬೈಪಾಸ್ ಮಾಡಿಸಿದ್ರೆ ಹೊಣೆ ಅವರದೇ, ಸಾವಾದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಜೈಲು. ಆದ್ರೆ ಇನ್ವರ್ಟರೇ ಕಳಪೆ ಆಗಿದ್ರೆ? ಸ್ವಿಚ್ಚನ್ನ ತಪ್ಪು ಜಾಗದಲ್ಲಿ ಕೂರಿಸಿದ್ದು ಹಾಕಿದವರಾದ್ರೆ? ಒಪ್ಪಂದ ಇರೋದು ಮನೆಯವರಿಗೂ ವಿದ್ಯುತ್ ಕಂಪನಿಗೂ ಮಧ್ಯೆ. ಹಾಕಿದವನು ಅದರಲ್ಲಿ ಕಾಣಲ್ಲ. ಅವನನ್ನ ಹಿಡಿಯೋಕೆ ಬೇರೆ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತಲೇ ಒಂದು ಅಧ್ಯಾಯ ಇದೆ. ತಯಾರಿಸಿದವನು, ಮಾರಿದವನು, ಸರ್ವಿಸ್ ಕೊಟ್ಟವನು ಮೂವರನ್ನೂ ಕೇಳಬಹುದು. ನೀವು ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದ್ರೆ ಮದ್ದೂರಿನವರು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದ್ರೆ ಸಾಕು. ಎರಡು ವರ್ಷದೊಳಗೆ ಹೋಗಬೇಕು. ಕೈಯಲ್ಲಿ ಬಿಲ್ಲು, ಪ್ಯಾನೆಲ್ ಮತ್ತು ಇನ್ವರ್ಟರ್‌ನ ಸೀರಿಯಲ್ ನಂಬರ್, ಕೆಲಸ ಮಾಡಿದ ಕಂಟ್ರಾಕ್ಟರ್ ಲೈಸೆನ್ಸ್ ನಂಬರ್ ಇರಬೇಕು. ಮಾವನ ಹತ್ತಿರ ಮೂರರಲ್ಲಿ ಒಂದಿತ್ತು.

ಕರೆಂಟ್ ಹೋದಾಗಲೂ ಸೋಲಾರ್ ಬೇಕು ಅನ್ನೋದು ತಪ್ಪು ಆಸೆ ಅಲ್ಲ. ಅದಕ್ಕೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬರ್ತವೆ. ಲೈನ್ ಹೋದ ಕೂಡಲೇ ಅವು ಮನೆಯನ್ನ ಲೈನಿನಿಂದ ಬೇರೆ ಮಾಡಿ, ಆಮೇಲೆ ಒಳಗಿನ ಕೆಲವು ಪಾಯಿಂಟ್‌ಗಳಿಗೆ ಮಾತ್ರ ಕರೆಂಟ್ ಕೊಡ್ತವೆ. ದುಡ್ಡು ಜಾಸ್ತಿ. ಬೈಪಾಸ್ ಹುಡುಗ ಮಾಡ್ತೀನಿ ಅಂದಿದ್ದು ಅದನ್ನಲ್ಲ. ಲೈನ್ ಇದೆ ಅಂತ ಇನ್ವರ್ಟರ್‌ಗೆ ಸುಳ್ಳು ನಂಬಿಸೋದನ್ನ.

ಹೋದ ಭಾನುವಾರ ಮದ್ದೂರಿಗೆ ಹೋಗಿದ್ದೆ. ಮಾವ ಹಾಕಿದ ಕಂಪನಿಗೆ ಮೂರು ಸಲ ಫೋನ್ ಮಾಡಿ, ನಾಲ್ಕನೇ ಸಲ ಬೈದು, ಸ್ವಿಚ್ಚನ್ನ ಕೆಳಗಿಳಿಸಿದ್ದಾರೆ. ಈಗ ಅದು ಗೇಟಿನ ಪಕ್ಕದ ಗೋಡೆ ಮೇಲೆ ಮೀಟರ್ ಕೆಳಗಿದೆ. ಸರಿಮಾಡಲು ಬಂದವನ ಪರ್ಮಿಟ್ ಫೋಟೋ ಮಾವನ ಮೊಬೈಲಿನಲ್ಲಿದೆ, ನನಗೂ ತೋರಿಸಿದರು. ಗೆಳೆಯ ಲೈನ್‌ಮನ್ ಬಂದು ಸ್ವಿಚ್ಚನ್ನ ಎರಡು ಸಲ ಎಳೆದು ನೋಡಿ, ತಮ್ಮ ಜೇಬಿನ ಬೀಗ ಅದಕ್ಕೆ ಹಿಡಿಯುತ್ತಾ ಅಂತ ಹಾಕಿ ನೋಡಿದರಂತೆ. ಹಿಡೀತಂತೆ. ಅತ್ತೆ ಮಾತ್ರ ಗೇಟಿನ ಹತ್ತಿರ ಮಕ್ಕಳು ಮುಟ್ತಾರೆ ಅಂತ ಇನ್ನೂ ಗೊಣಗ್ತಿದ್ದಾರೆ. ಅದಕ್ಕೊಂದು ಜಾಲರಿ ಪೆಟ್ಟಿಗೆ ಮಾಡಿಸೋಕೆ ವೆಲ್ಡಿಂಗ್ ಅಂಗಡಿಗೆ ಹೇಳಿದ್ದಾರೆ, ಬೀಗ ಇಲ್ಲದ್ದು.